ಎದುರಿನ ಗಾಜು

ಹೆಂಡತಿ ಕಾರು ಬಿಡುವುದು ಹೆಮ್ಮೆಯೋ ತಲೆನೋವೋ ಎಂದರೆ, ಭೋಜ ಶೆಟ್ಟರು ಕೇಳಿದವರ ಮುಖ ನೋಡಿ ಉತ್ತರ ಹೇಳುತ್ತಿದ್ದರು. ವೇಣೂರು ಪೇಟೆಯಲ್ಲಿ ಚಾ ಕುಡಿಯುವವರು ಕೇಳಿದರೆ, "ನನ್ನ ಟ್ರೈನಿಂಗ್ ಮಾರಾಯ, ತಮಾಷೆಯಾ?" ಕಾರಿನೊಳಗೆ ಕೂತಾಗ ಮಾತ್ರ ರಾಗ ಬದಲಾಗುತ್ತಿತ್ತು. ಎಡಗಡೆಯ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಾ, "ನಿಧಾನ... ಗೇರು ಇಳಿಸು... ಇಷ್ಟು ನಿಧಾನ ಅಲ್ಲ..." ಎಂದು ಮೂಡುಬಿದಿರೆ ಮುಟ್ಟುವವರೆಗೂ ಹೇಳುತ್ತಲೇ ಇರುತ್ತಿದ್ದರು. ವಿನೋದಕ್ಕ ಅದನ್ನು ರೇಡಿಯೋ ಎಂದುಕೊಂಡಿದ್ದರು. ಕೇಳಿಸುತ್ತಿತ್ತು, ಬಂದ್ ಮಾಡಲು ಬಟನ್ ಇರಲಿಲ್ಲ, ಅಷ್ಟೇ.

ಶೆಟ್ಟರು ಸೌದಿಯಲ್ಲಿ ಕಂಪೆನಿಯ ಗಾಡಿ ಓಡಿಸಿ ತಲೆ ಹಣ್ಣು ಮಾಡಿಕೊಂಡು ಬಂದವರು. ಊರಿಗೆ ಬಂದು ಆಸೆಪಟ್ಟು ಒಂದು ಕೆಂಪು ಕಾರು ತೆಗೆದುಕೊಂಡರು. ಕೆಲವು ವರ್ಷ ಓಡಿಸುವಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಲೇಸರ್ ಹಾಕಿಸಿದ ಮೇಲೆ ಎದುರಿಗಿದ್ದದ್ದು ಕಾಣುತ್ತಿತ್ತು, ಬದಿಯದು ಕಾಣುತ್ತಿರಲಿಲ್ಲ. ಇನ್ನು ಸ್ಟೇರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಕಾರು ಟಾರ್ಪಾಲು ಹೊದ್ದು ಮಲಗಿತು.

ಅದನ್ನು ಎಬ್ಬಿಸಿದ್ದು ಬೇಲಿಯಾಚೆಯ ಮನೆಯ ಸಫಿಯಮ್ಮ. ಗಂಡ ತೀರಿಕೊಂಡಿದ್ದರು, ಮಗ ಕತಾರಿನಲ್ಲಿದ್ದ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಸೋಮವಾರ, ಗುರುವಾರ ಮೂಡುಬಿದಿರೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಒಂದು ಸಂಜೆ ವಿನೋದಕ್ಕ ಪೇಟೆಯಿಂದ ಬರುವಾಗ, ಬಸ್ಸಿಳಿದ ಸಫಿಯಮ್ಮ ನಡೆಯಲಾರದೆ ಬಸ್‌ಸ್ಟ್ಯಾಂಡಿನ ಕಂಬ ತಬ್ಬಿ ಕುಳಿತಿದ್ದನ್ನು ಕಂಡರು. ಹೆಗಲು ಕೊಟ್ಟು ಮನೆ ಮುಟ್ಟಿಸಿದರು. ಆ ಸಂಜೆ ಗಂಡನಿಗೆ ಗಂಜಿ ಬಡಿಸುತ್ತಾ, "ನನಗೆ ಕಾರು ಕಲಿಸಿ" ಎಂದರು.

ಐವತ್ತಾರು ತುಂಬಿದ ಹೆಂಡತಿಯ ಮಾತಿಗೆ ಶೆಟ್ಟರು ನಕ್ಕರು. ನಗು ಮುಗಿಯುವವರೆಗೂ ವಿನೋದಕ್ಕ ಸೌಟು ಹಿಡಿದು ಕಾದರು.

"ನಗಾಡಿ ಆಯ್ತಾ? ಯಾವಾಗಿಂದ ಶುರು ಮಾಡುವ?"

ಬಂಟ್ವಾಳದ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿಸಿದಾಗ ಕಾಲೇಜಿನ ಹುಡುಗರು ಗೂಟ ಬೀಳಿಸಿದರು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ವಿನೋದಕ್ಕ ಬೀಳಿಸಲಿಲ್ಲ. ಅಂದಿನಿಂದ ಸೋಮವಾರ, ಗುರುವಾರ ಕೆಂಪು ಕಾರು ತಪ್ಪಿದ್ದಿಲ್ಲ. ಹಿಂದೆ ಸಫಿಯಮ್ಮ, ಎದುರು ರೇಡಿಯೋ.

ಈ ಸಲದ ಆಟಿ ತಿಂಗಳು, ಎಂದರೆ ತುಳುನಾಡಿನ ಆಷಾಢ, ಮಾತ್ರ ಎಡವಟ್ಟಾಯಿತು. ಮಳೆ ಹಿಡಿದದ್ದು ಬಿಡಲಿಲ್ಲ. ಕಾರಿನೊಳಗೆ ಮೂವರು ಕೂತು ಅರ್ಧ ಮೈಲು ಹೋದರೆ ಸಾಕು, ಎದುರಿನ ಗಾಜು ಒಳಗಿನಿಂದ ಬೆಳ್ಳಗಾಗುತ್ತಿತ್ತು. ಶೆಟ್ಟರು ಒರೆಸಿದರೆ ಮತ್ತೆ ಬೆಳ್ಳಗೆ. ಒಂದು ಗುರುವಾರ ಆಸ್ಪತ್ರೆಯಿಂದ ಮರಳುವಾಗ ಹೊಸಂಗಡಿ ದಾಟಿದ ಮೇಲಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಗಾಜಿನಲ್ಲಿ ಕಂಡದ್ದು ಬರೀ ಎರಡು ಹಳದಿ ಮಸುಕು. ವಿನೋದಕ್ಕ ಎಡಕ್ಕೆ ಎಳೆದರು. ಕಾರು ರಸ್ತೆ ಬದಿಯ ಚರಂಡಿಗೆ ಒಂದು ಕಾಲಿಟ್ಟು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಬಸ್ಸಿನವರೇ ಇಳಿದು ಕಾರನ್ನು ಎತ್ತಿ ರಸ್ತೆಗಿಟ್ಟರು.

"ಗಾಜಿನಲ್ಲಿ ಏನೂ ಕಾಣಲಿಲ್ಲ," ಎಂದರು ವಿನೋದಕ್ಕ.

ಹೆದರಿದ ಶೆಟ್ಟರ ಬಾಯಿಂದ ಅಷ್ಟು ಜನರ ಎದುರು ಮಾತು ಜಾರಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಯಾರೋ ನಕ್ಕರು. ವಿನೋದಕ್ಕ ಒದ್ದೆ ಸೆರಗು ಹಿಂಡಿ, ಸಫಿಯಮ್ಮನ ಕೈ ಹಿಡಿದು ಹಿಂದೆ ಕೂರಿಸಿ, ಮತ್ತೆ ಸ್ಟೇರಿಂಗ್ ಹಿಡಿದರು. ಅಂದು ಮನೆ ಮುಟ್ಟುವವರೆಗೆ ರೇಡಿಯೋ ಬಂದ್ ಆಗಿತ್ತು.

ಸುದ್ದಿ ಬೆಳ್ತಂಗಡಿಯ ಸೊಸೈಟಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಮಗ ಉಜ್ವಲನಿಗೆ ಇವರು ಮನೆ ಮುಟ್ಟುವ ಮೊದಲೇ ಮುಟ್ಟಿತ್ತು. ರಾತ್ರಿಯ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ ಪದಾರ್ಥ, ಒಣಮೀನಿನ ಚಟ್ನಿ. ಉಜ್ವಲ ಅನ್ನ ಕಲಸಿದ, ತಿನ್ನಲಿಲ್ಲ.

"ಸಾಕಮ್ಮ. ಕಾರು ಕೊಟ್ಟುಬಿಡುವ. ಬೆಳ್ತಂಗಡಿಯಲ್ಲಿ ಒಬ್ಬರು ಕೇಳಿದ್ದಾರೆ."

"ಸಫಿಯಮ್ಮ?"

"ರಿಕ್ಷಾ ಉಂಟಲ್ಲ."

"ಆ ಹೊಂಡದ ರಸ್ತೆಯಲ್ಲಿ ರಿಕ್ಷಾದಲ್ಲಿ ಹಾರಿಕೊಂಡು ಬಂದ್ರೆ ಅವರಲ್ಲಿ ಜೀವ ಉಳಿಯುತ್ತದಾ? ನೀನು ಸಣ್ಣದಿರುವಾಗ ಅವರ ಮನೆಯ ಅಕ್ಕಿರೊಟ್ಟಿ ತಿಂದೇ ದೊಡ್ಡದಾದದ್ದು."

"ಅದು ಮರೆತಿಲ್ಲ. ಆದ್ರೆ ನಿಮಗೆ ಏನಾದ್ರೂ ಆದ್ರೆ ನಾನು ಯಾರ ಮನೆಗೆ ಹೋಗಿ ಅಮ್ಮ ಅಂತ ಕರೆಯುವುದು?"

ಮಡಂತ್ಯಾರಿನ ಶಾಲೆಯಲ್ಲಿ ಟೀಚರಾಗಿದ್ದ ಸೊಸೆ ವಿಜೇತಾ ಚಟ್ನಿಯ ಬಟ್ಟಲು ಕೆಳಗಿಟ್ಟಳು.

"ಅತ್ತೆ ಗಾಜಿನಲ್ಲಿ ಏನೂ ಕಾಣಲಿಲ್ಲ ಅಂತ ಹೇಳ್ತಾ ಇದ್ದಾರೆ. ಯಾಕೆ ಕಾಣಲಿಲ್ಲ ಅಂತ ಒಬ್ಬರಾದ್ರೂ ನೋಡಿದ್ದೀರಾ?"

"ನೀನು ಅತ್ತೆಯ ವಕೀಲಳಾ?" ಎಂದ ಉಜ್ವಲ.

"ಹೌದು, ಫೀಸಿಲ್ಲದ ವಕೀಲಳು."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಬಂದದ್ದು ಗಂಡಸರ ಗ್ರಹಚಾರ. ಉಜ್ವಲ ಸ್ವಲ್ಪ ಇಳಿದ. ಆಟಿಯಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ, ಬೆಳ್ತಂಗಡಿಯವರೂ ಆಟಿ ಮುಗಿಸುವ ಸೋಣ ಸಂಕ್ರಮಣ ಕಳೆದೇ ಬರುವವರು. ಅಷ್ಟರೊಳಗೆ ಕಾರು ಸರಿಯಾದರೆ ಸರಿ, ಇಲ್ಲದಿದ್ದರೆ ಕೊಡುವುದು. ಅಲ್ಲಿಯವರೆಗೆ ಅಮ್ಮ ಓಡಿಸುವಂತಿಲ್ಲ. ಕೈ ತೊಳೆದು ಬಂದವನೇ ಮೊಳೆಗೆ ನೇತುಹಾಕಿದ್ದ ಕೀ ತೆಗೆದು ಕಿಸೆಗೆ ಹಾಕಿಕೊಂಡ. ಶೆಟ್ಟರು ಹೆಂಡತಿಯ ಪರವಾಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತಾನು ಕಲಿಸಿದ್ದು ಸಾಲಲಿಲ್ಲವೋ ಇವಳು ಕಲಿತದ್ದು ಸಾಲಲಿಲ್ಲವೋ ಎಂಬ ಲೆಕ್ಕದಲ್ಲೇ ಅವರು ಮುಳುಗಿದ್ದರು.

ಮಾರನೆಯ ದಿನದಿಂದ, ಉಜ್ವಲ ಕಾರು ತೆರೆದುಕೊಟ್ಟ ಹೊತ್ತಿನಲ್ಲಿ, ಮನೆಯಲ್ಲಿ ಗಾಜಿನ ಮದ್ದು ಶುರುವಾಯಿತು. ಲಾರಿಯವರು ಹೊಗೆಸೊಪ್ಪು ಉಜ್ಜುತ್ತಾರೆ ಎಂದು ಶೆಟ್ಟರು ಪೇಟೆಯಿಂದ ತಂದು ಉಜ್ಜಿದರು. ಕಾರಿನೊಳಗೆ ಕೂತರೆ ಸೀನು ಬಂತು, ಗಾಜು ಬಿಳಿಯೇ. ಬಟಾಟೆ ಕೊಯ್ದು ಉಜ್ಜಬೇಕೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ವಿಜೇತಾ ಮಾಡಿ ನೋಡಿದಳು. ಉಳಿದ ಬಟಾಟೆ ಪಲ್ಯವಾಯಿತು, ಗಾಜು ಬಿಳಿಯೇ. ಉಜ್ವಲ ಕಾರನ್ನು ಪುತ್ತಿಗೆಯಲ್ಲಿದ್ದ ಉಮ್ಮರನ ಗ್ಯಾರೇಜಿಗೆ ಒಯ್ದ. ಉಮ್ಮರ್ ನಾಲ್ಕೂ ಬಾಗಿಲಿನ ರಬ್ಬರ್ ಬದಲಿಸಿ, "ಇನ್ನು ಒಂದು ಹನಿ ಒಳಗೆ ಬಂದ್ರೆ ನನ್ನನ್ನು ಕೇಳಿ" ಎಂದ. ಕಾರು ಅಂಗಳಕ್ಕೆ ಬಂದು ಎರಡು ಮಳೆ ಹೊಡೆಯುವುದರೊಳಗೆ ಎಡಗಡೆಯ ಕಾಲಡಿಯ ಮ್ಯಾಟು ಪಚಪಚ ಎಂದಿತು. ಮೂಗು ಮುಚ್ಚಿಕೊಳ್ಳುವಂಥ ಮುಗ್ಗು ವಾಸನೆ. ವಿನೋದಕ್ಕ ಮ್ಯಾಟುಗಳನ್ನು ಹಿಂಡಿ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಅಲ್ಲಿ ಆಗಲೇ ಮನೆಮಂದಿಯ ಬಟ್ಟೆಯಿತ್ತು. ಆಫೀಸಿನ ಅಂಗಿಗೆ ಕಾರಿನ ವಾಸನೆ ಹಿಡಿಯಿತೆಂದು ಉಜ್ವಲ ಒಂದು ದಿನ ಸಿಡುಕಿದ.

ಸಫಿಯಮ್ಮ ರಿಕ್ಷಾದಲ್ಲಿ ಹೋಗಿಬರುತ್ತಿದ್ದರು. ಒಂದು ಸೋಮವಾರ ಸಂಜೆ ವಿನೋದಕ್ಕ ಗಂಡನನ್ನೂ ಕರೆದುಕೊಂಡು ನೋಡಲು ಹೋದಾಗ ಅವರು ಚಾವಡಿಯ ಬೆಂಚಿನ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದರು.

"ವಿನೋದಕ್ಕ, ವಾರಕ್ಕೆ ಒಂದು ಸಲ ಹೋದ್ರೆ ಸಾಕಾ ಅಂತ. ಈ ಗುರುವಾರ ನಾನು ಹೋಗುದಿಲ್ಲ. ಹೋಗಿ ಬರುದೇ ನನಗೆ ಕಾಯಿಲೆಗಿಂತ ದೊಡ್ಡದಾಗಿದೆ."

"ಹಾಗೆ ಹೇಳಬೇಡಿ. ಒಂದು ಬಿಟ್ರೆ ಎಂತ ಆಗ್ತದೆ ಅಂತ ಡಾಕ್ಟರ್ ಹೇಳಿದ್ದು ನಾನೂ ಕೇಳಿದ್ದೇನೆ."

"ಆದ್ರೆ ಆಗ್ಲಿ ಬಿಡಿ."

ಹಿಂದಿರುಗುವಾಗ ವಿನೋದಕ್ಕ ಬೇಲಿಯ ದಣಪೆ ದಾಟಿ ಕಾರಿನ ಹತ್ತಿರ ನಿಂತರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಶೆಟ್ಟರು ನೋಡಿದರು. ಮದುವೆಯಾದಂದಿನಿಂದ ಅವರು ಹೆಂಡತಿಯ ಕಣ್ಣೀರು ಕಂಡದ್ದು ವಿಮಾನ ನಿಲ್ದಾಣದಲ್ಲಿ ಮಾತ್ರ.

"ಕಾರಿನಲ್ಲಿ ನಿಮ್ಮ ಕಾಲಡಿ ಯಾಕೆ ಒದ್ದೆ?" ಎಂದು ವಿನೋದಕ್ಕ ಇದ್ದಕ್ಕಿದ್ದಂತೆ ಕೇಳಿದರು.

"ಸಫಿಯಮ್ಮನ ಕೊಡೆಯ ನೀರು."

"ಸಫಿಯಮ್ಮ ಹಿಂದೆ ಕೂರುವುದು. ಕೊಡೆಯೂ ಹಿಂದೆ. ಈಗ ಕಾರಿಗೆ ಯಾರೂ ಹತ್ತುವುದೇ ಇಲ್ಲ, ಆದ್ರೂ ಒದ್ದೆ. ಕೊಡೆ ಇಲ್ಲದ ನೀರು ಎಲ್ಲಿಂದ ಬಂತು?"

ಶೆಟ್ಟರು ಕಾರಿನ ಕಿಟಕಿಗೆ ಮುಖ ಹಚ್ಚಿ ಒಳಗೆ ಇಣುಕಿದರು.

"ಹಂಚಿನ ಮನೆ ಸೋರಿದ್ರೆ ಎಂತ ಮಾಡ್ತೇವೆ? ಒಬ್ಬರು ಮೇಲೆ ಹತ್ತಿ ನೀರು ಹೊಯ್ಯುವುದು, ಒಬ್ಬರು ಒಳಗೆ ನಿಂತು ಕೂಗುವುದು. ಹಾಗೆಯೇ ಮಾಡುವ."

ಬುಧವಾರ ಶಾಲೆಗೆ ಮಳೆಯ ರಜೆ ಸಾರಿದ್ದರು. ಉಜ್ವಲ ಬೈಕು ಹತ್ತಿ ಹೋದ ಮೇಲೆ ಮಳೆ ಸ್ವಲ್ಪ ಹೊಳವಾಯಿತು. ವಿಜೇತಾ ಕಪಾಟಿನ ಸೀರೆಯ ಮಡಿಕೆಯಿಂದ ಕಾರಿನ ಇನ್ನೊಂದು ಕೀ ತೆಗೆದಳು. "ಓಡಿಸಬಾರದು ಅಂತ ಹೇಳಿದ್ದು, ತೆರೆಯಬಾರದು ಅಂತ ಹೇಳಲಿಲ್ಲ," ಎಂದಳು. ವಿನೋದಕ್ಕ ಕಾರಿನ ಹೊರಗೆಲ್ಲ ಬಟ್ಟೆಯಿಂದ ಒರೆಸಿ, ಒಳಗೆ ಡ್ಯಾಶ್‌ಬೋರ್ಡಿನ ಅಡಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರು. ನೀರು ಬಂದರೆ ಪೌಡರಿನಲ್ಲಿ ಗೆರೆ ಬೀಳಬೇಕು. ಶೆಟ್ಟರಿಗೆ ಟಾರ್ಚು ಕೊಟ್ಟರು.

"ತಲೆ ಒಳಗೆ ಹಾಕಿ. ಎದುರಿಗಿದ್ದದ್ದು ಕಾಣ್ತದಲ್ಲ ನಿಮಗೆ."

ಶೆಟ್ಟರು ಹೊಟ್ಟೆಯನ್ನು ಸೀಟಿನ ಮೇಲಿಟ್ಟು, ತಲೆಯನ್ನು ಕಾಲಿಡುವ ಜಾಗದಲ್ಲಿಟ್ಟು ತಲೆಕೆಳಗಾದರು. ವಿಜೇತಾ ಬಾವಿಯಿಂದ ನೀರು ಸೇದಿ ಸೇದಿ ಕೊಟ್ಟಳು, ವಿನೋದಕ್ಕ ಚೊಂಬಿನಿಂದ ಹೊಯ್ದರು. ಮೊದಲು ಬಾಗಿಲಿನ ಕೆಳಗೆ.

"ಮೇಲಿನಿಂದ ಹೊಯ್ಯಿ ಮಾರಾಯ್ತಿ, ಬೇಗ ಮುಗೀತದೆ!" ಎಂದು ಒಳಗಿನಿಂದ ಕೂಗು ಬಂತು.

"ಮೇಲಿನಿಂದ ಹೊಯ್ದ್ರೆ ಎಲ್ಲಾ ಕಡೆ ಹರೀತದೆ, ಯಾವುದು ತೂತು ಅಂತ ಹೇಗೆ ಗೊತ್ತಾಗುವುದು? ಕೆಳಗಿನ ಸಾಲಿನಿಂದ ಮೇಲೆ ಹೋಗಬೇಕು. ಈಗ ಉಂಟಾ?"

"ಇಲ್ಲ."

ಬಾಗಿಲಿನ ಕಿಟಕಿಗೆ ಹೊಯ್ದರು. ಇಲ್ಲ. ಉಮ್ಮರನ ರಬ್ಬರಿಗೆ ಅನ್ಯಾಯವಾಗಿ ಹೆಸರು ಕೆಟ್ಟಿತ್ತು. ಆಮೇಲೆ ಎದುರಿನ ಗಾಜಿನ ಬುಡಕ್ಕೆ, ವೈಪರಿನ ಕೆಳಗೆ ಇರುವ ಜಾಲರಿಗೆ ಹೊಯ್ದರು. ಒಂದು ಚೊಂಬು, ಮತ್ತೊಂದು, ಮತ್ತೊಂದು. ನೀರು ಜಾಲರಿಯಿಂದ ಕೆಳಗಿಳಿಯದೆ ಅಲ್ಲೇ ಏರುತ್ತಾ ಬಂತು.

"ಬಂತು! ಬಂತು ಮಾರಾಯ್ತಿ! ನಿಲ್ಲಿಸು, ನನ್ನ ಕುತ್ತಿಗೆಗೇ ಬಂತು!"

ಪೌಡರ್ ಮೆತ್ತಿದ ಮುಖ ಹೊತ್ತು ಹೊರಗೆ ಬಂದ ಮಾವನನ್ನು ನೋಡಿ ವಿಜೇತಾ ಬಾವಿಕಟ್ಟೆ ಹಿಡಿದು ನಕ್ಕಳು. ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಹಾಕಿ ಜಾಲರಿ ಬಿಡಿಸಿದವಳೂ ಅವಳೇ. ಅದರಡಿಯಲ್ಲಿ, ಮಳೆಯ ನೀರು ಹೊರಗೆ ಹರಿದುಹೋಗಬೇಕಾದ ತೂತಿನಲ್ಲಿ, ಕರಿ ಮುದ್ದೆಯೊಂದು ಗಟ್ಟಿಯಾಗಿ ಕೂತಿತ್ತು. ವಿನೋದಕ್ಕ ಬೆರಳು ಹಾಕಿ ಚೂರು ತೆಗೆದರು. ಅಡಿಕೆ ಹೂವಿನ, ಎಂದರೆ ಪಿಂಗಾರದ, ಅಕ್ಕಿಯಂಥ ಮೊಗ್ಗುಗಳು. ತುಳಸಿ ಕಡ್ಡಿ. ಕೇಪುಳದ ಹೂವಿನ ನಾರು.

ಶೆಟ್ಟರಿಗೆ ಗುರುತು ಸಿಕ್ಕಿತು. ಅದು ಅವರದೇ ಕೆಲಸ. ಸಂಕ್ರಮಣ ಸಂಕ್ರಮಣಕ್ಕೆ ದೈವಸ್ಥಾನದಿಂದ ಪ್ರಸಾದ ತಂದು ಕಾರಿನಲ್ಲಿಡುತ್ತಿದ್ದರು. ಹೊಸದು ಬಂದಾಗ ಹಳೆಯದನ್ನು ಎಸೆಯುವಂತಿಲ್ಲ, ಯಾರದಾದರೂ ಕಾಲಿಗೆ ಸಿಕ್ಕಿದರೆ ಪಾಪ. ಹರಿಯುವ ನೀರಿಗೆ ಬಿಡಬೇಕು. ಮಳೆನೀರು ಹರಿಯುವ ಜಾಗ ಕಾರಿನಲ್ಲೇ ಇರುವಾಗ ಹೊಳೆಗೇಕೆ ಹೋಗಬೇಕೆಂದು ಜಾಲರಿಯ ಸಂದಿಗೆ ತುರುಕುತ್ತಿದ್ದರು. ವರ್ಷವರ್ಷದ ಭಕ್ತಿ ಅಲ್ಲಿ ಒಟ್ಟಾಗಿ ಕೂತು, ನೀರನ್ನು ಒಳಗೆ ಕಳಿಸಿತ್ತು. ಮಾಡಿದ್ದುಣ್ಣೋ ಮಹಾರಾಯ.

ಈಗ ಮಾತು ಬರುತ್ತದೆ ಎಂದು ಅವರು ಕಾದರು. ನೆಲ ಡೊಂಕಿನ ಗಾದೆಯನ್ನು ಬಡ್ಡಿ ಸಮೇತ ತೀರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ವಿನೋದಕ್ಕನಿಗೆ ಸಿಗಲಾರದು. ಆದರೆ ಅವರು ಒಂದು ತುಂಡು ಬಾಳೆಲೆ ತಂದು, ಆ ಕೊಳೆತ ಮುದ್ದೆಯನ್ನು ಒಂದು ಮೊಗ್ಗೂ ಬಿಡದೆ ಬೆರಳಿನಿಂದ ಎತ್ತಿ ಅದರಲ್ಲಿಟ್ಟು, ತೆಂಗಿನ ಬುಡಕ್ಕೆ ಒಯ್ದು ಹಾಕಿ ಕೈಮುಗಿದರು.

"ದೈವದ ಹೆಸರಲ್ಲಿ ಇಟ್ಟದ್ದು. ಹೂವಿನ ತಪ್ಪೂ ಅಲ್ಲ, ಇಟ್ಟವರ ತಪ್ಪೂ ಅಲ್ಲ," ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಉಜ್ವಲನಿಗೆ ಕಸ ಅಂತ ಹೇಳುವ. ಅಷ್ಟು ಸಾಕು."

ಶೆಟ್ಟರು ಬಾವಿಕಟ್ಟೆಯ ಹತ್ತಿರ ಹೋಗಿ ತುಂಬ ಹೊತ್ತು ಮುಖ ತೊಳೆದರು. ಇಂಥ ಹೆಂಗಸನ್ನು ಬಸ್ಸಿನ ಜನರ ಎದುರು ಆಡಿಕೊಂಡೆನಲ್ಲ ಎಂದು ಅವರಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಧ್ಯಾಹ್ನ ಫೋನಿಗೆ ಓಗೊಟ್ಟು ಉಮ್ಮರ್ ಬಂದು ಎದುರಿನ ಸೀಟುಗಳನ್ನು ಬಿಚ್ಚಿಕೊಟ್ಟ. ಕಾರಿನ ನೆಲಹಾಸು ಎತ್ತಿದರೆ ಅಡಿಯ ಸ್ಪಂಜಿನಲ್ಲಿ ನೀರು ಹಿಂಡಿದಷ್ಟೂ ಬಂತು. "ಶೆಟ್ರೇ, ಇದು ಕಾರಾ, ಗದ್ದೆಯಾ?" ಎಂದ ಅವನು. "ಬಿತ್ತಿದ್ರೆ ಭತ್ತ ಆಗ್ತಿತ್ತು. ನಾನು ಬಾಗಿಲನ್ನೇ ನೋಡಿದೆ, ಇದು ತಲೆಗೆ ಹೋಗ್ಲಿಲ್ಲ." ಸ್ಪಂಜು ಬಚ್ಚಲೊಲೆಯ ಮೇಲಕ್ಕೆ ಹೋಯಿತು. ಊಟದ ಕೋಣೆಯ ಟೇಬಲ್ ಫ್ಯಾನು ಕಾರಿನೊಳಕ್ಕೆ ಹೋಯಿತು. ಸೀಟುಗಳು ಚಾವಡಿಯಲ್ಲಿ ನೆಂಟರಂತೆ ಕೂತವು. ಉಜ್ವಲ ಸಂಜೆ ಬಂದು ಸೀಟುಗಳನ್ನು ನೋಡಿ, ಮೂರು ಮುಖಗಳನ್ನೂ ನೋಡಿ, ಕೈಕಾಲು ತೊಳೆಯಲು ಹೋದ. ಗುರುವಾರ ವಿನೋದಕ್ಕ ಸಫಿಯಮ್ಮನನ್ನು ಬೈದು, ಬೇಡಿ, ತಾವೇ ರಿಕ್ಷಾದಲ್ಲಿ ಜೊತೆಗೆ ಕೂತು, ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿಬಂದರು.

ಕಾರು ಒಣಗಿತು, ಸೀಟುಗಳು ಒಳಗೆ ಹೋದವು. ಭಾನುವಾರ ಉಜ್ವಲ ಸೊಸೈಟಿಯ ಮೀಟಿಂಗಿಗೆಂದು ಹೋಗಿದ್ದಾಗ, ಸುರಿಯುವ ಮಳೆಯಲ್ಲಿ ಮೂವರೂ ಅಂಗಳದ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು ಇಂಜಿನ್ ಚಾಲು ಮಾಡಿದರು. ಮೊದಲಿನಷ್ಟಲ್ಲದಿದ್ದರೂ ಗಾಜು ಮತ್ತೆ ಮಸುಕಾಗತೊಡಗಿತು. ವಿನೋದಕ್ಕ ಒಂದು ಬಟನಿನ ಕಡೆ ಕೈಚಾಚಿದರು.

"ಅದು ಮುಟ್ಟಬೇಡ!" ಎಂದರು ಶೆಟ್ಟರು. "ಹೊರಗಿನ ಗಾಳಿ ಒಳಗೆ ಬಿಡಬಾರದು. ಮೊದಲನೇ ದಿನವೇ ಹೇಳಿಕೊಟ್ಟಿದ್ದೇನೆ."

"ಅದು ಸೌದಿಯಲ್ಲಿ."

"ಎಲ್ಲಾ ಕಡೆಯೂ."

"ಅಲ್ಲಿ ಹೊರಗೆ ಧೂಳು, ಮುಚ್ಚಿದ್ರಿ. ಇಲ್ಲಿ ಒಳಗೆ ಮೂರು ಜನರ ಉಸಿರು. ಅನ್ನದ ಪಾತ್ರೆಗೆ ಮುಚ್ಚಳ ಹಾಕಿದ್ರೆ ಮುಚ್ಚಳದಲ್ಲಿ ನೀರು ನಿಲ್ಲುವುದಿಲ್ವಾ? ಮುಚ್ಚಳ ಸ್ವಲ್ಪ ಸರಿಸುವ."

ಬಟನ್ ಒತ್ತಿದರು. ಆಮೇಲೆ ಎಸಿಯನ್ನೂ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿದರು.

"ಈ ಚಳಿಗೆ ಎಸಿಯಾ? ತಲೆ ಸರಿ ಉಂಟಾ ನಿನಗೆ?"

"ಎಸಿ ಹಾಕಿದಾಗ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದು ನೋಡಿದ್ದೀರಲ್ಲ. ಆ ನೀರು ಎಲ್ಲಿಯದು? ಒಳಗಿನ ಗಾಳಿಯ ಪಸೆಯೇ ಅಲ್ವಾ? ಎಳೆದು ಹೊರಗೆ ಹಾಕ್ಲಿ."

ಗಾಜಿನ ಬುಡದಲ್ಲಿ ಒಂದು ಅಂಗೈಯಗಲ ತಿಳಿಯಾಯಿತು. ಅದು ಮೇಲೆ ಮೇಲೆ ಏರಿತು. ಬಾವಿಕಟ್ಟೆ ಕಂಡಿತು, ಬೇಲಿ ಕಂಡಿತು, ಬೇಲಿಯಾಚೆ ಸಫಿಯಮ್ಮ ಜಗಲಿಯಲ್ಲಿ ಕೂತದ್ದು ಕಂಡಿತು. ಹಿಂದಿನ ಸೀಟಿನಲ್ಲಿ ವಿಜೇತಾ ಚಪ್ಪಾಳೆ ತಟ್ಟಿದಳು. ಶೆಟ್ಟರು ಹೆಂಡತಿಯ ಮುಖವನ್ನೇ ನೋಡುತ್ತಾ ಕೂತರು. ಲಕ್ಷಗಟ್ಟಲೆ ಮೈಲು ಗಾಡಿ ಓಡಿಸಿದ್ದರೂ ಎಸಿಯ ನೀರು ಎಲ್ಲಿಂದ ಬರುತ್ತದೆಂದು ಅವರು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡವಳು ಇವಳು.

ಸೋಣ ಸಂಕ್ರಮಣ ಹತ್ತಿರ ಬಂದಿತ್ತು. ಆ ಸಂಜೆ ನೀರುದೋಸೆ, ಕೋಳಿ ಸಾರು. ಉಜ್ವಲ ಕಾರಿನ ನೆಲಹಾಸು ಮುಟ್ಟಿ ನೋಡಿ ಬಂದು ಕೂತ.

"ಒಣಗಿದೆ. ಎಂತ ಇತ್ತಂತೆ ಒಳಗೆ?"

"ಕಸ," ಎಂದರು ವಿನೋದಕ್ಕ ದೋಸೆ ಮಡಚುತ್ತಾ.

"ಕಸ ಅಲ್ಲ," ಎಂದರು ಶೆಟ್ಟರು. "ನಾನು ತುರುಕಿದ ಪ್ರಸಾದ. ಆ ಗಾಳಿಯ ಬಟನ್ ಮುಟ್ಟಬೇಡ ಅಂತ ಹೇಳಿಕೊಟ್ಟದ್ದೂ ನಾನೇ. ಅವತ್ತು ಕಾರನ್ನು ಚರಂಡಿಗೆ ಇಳಿಸಿದ್ದು ನಿನ್ನ ಅಮ್ಮ ಅಲ್ಲ, ನಾನು. ಬಸ್ಸಿನಡಿಗೆ ಹೋಗದ ಹಾಗೆ ಎಳೆದದ್ದು ಅವಳು."

ವಿನೋದಕ್ಕ ಗಂಡನ ಬಟ್ಟಲಿಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದರು. ಉಜ್ವಲ ತಲೆ ಕೆರೆದುಕೊಂಡ.

"ನಾಳೆ ಸೋಮವಾರ. ನಾನು ರಜೆ ಹಾಕಿ ಜೊತೆಗೆ ಬರ್ತೇನೆ. ನನ್ನ ಕಣ್ಣಲ್ಲಿ ನೋಡದೆ ಕೀ ಬಿಡುವುದಿಲ್ಲ."

"ಬಾ, ಮಗ," ಎಂದರು ವಿನೋದಕ್ಕ.

ಮರುದಿನ ಮಳೆ ಪರೀಕ್ಷೆಗೆಂದೇ ಬಂದ ಹಾಗೆ ಬಂತು. ಉಜ್ವಲ ಎದುರಿನ ಸೀಟು ಹಿಡಿದ. ಶೆಟ್ಟರು ಮೊದಲ ಸಲ ಹಿಂದಕ್ಕೆ, ಸಫಿಯಮ್ಮನ ಪಕ್ಕಕ್ಕೆ ಸರಿದರು. ಎಸಿಯ ಚಳಿಗೆಂದು ವಿನೋದಕ್ಕ ಇಬ್ಬರ ಕಾಲಿಗೂ ಒಂದು ಕಂಬಳಿ ಹೊದಿಸಿದ್ದರು. ವೇಣೂರಿನ ಸೇತುವೆ ದಾಟುವಾಗ ಫಲ್ಗುಣಿ ಕೆಂಪಾಗಿ ಹರಿಯುತ್ತಿದ್ದುದು ಗಾಜಿನಲ್ಲಿ ನಿಚ್ಚಳವಾಗಿ ಕಂಡಿತು. ಉಜ್ವಲ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದ. ಗೇರು ಬದಲಾದದ್ದು ಶೆಟ್ಟರ ಕಿವಿಗೆ ಬಿತ್ತು. ಸರಿಯಾದ ಹೊತ್ತಿಗೆ. ಮತ್ತೊಮ್ಮೆ, ಅದೂ ಸರಿಯಾದ ಹೊತ್ತಿಗೆ. ಹೇಳುವುದಕ್ಕೆ ಏನೂ ಸಿಗಲಿಲ್ಲ. ಬೆನ್ನು ಒರಗಿಸಿದರು.

ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ಎದುರಿನ ಸೀಟಿನಿಂದ ಉಜ್ವಲ ಹಿಂದಕ್ಕೆ ತಿರುಗಿ ಅಪ್ಪನನ್ನೇ ನೋಡುತ್ತಿದ್ದ.

"ಎಲ್ಲಿ ಬಂದೆವು?"

"ಆಸ್ಪತ್ರೆಗೆ. ಅಮ್ಮ ಸಫಿಯಮ್ಮನನ್ನು ಒಳಗೆ ಕರ್ಕೊಂಡು ಹೋದ್ರು. ನಿಮ್ಮದು ಹೊಸಂಗಡಿ ಬರುವ ಮೊದಲೇ ಗೊರಕೆ."

"ನಾನಾ? ನಿದ್ದೆಯಾ?" ಶೆಟ್ಟರು ನಂಬಲಿಲ್ಲ. ಮರುಭೂಮಿಯ ರಸ್ತೆಯಲ್ಲಿ ಜೊತೆಗಾರ ಓಡಿಸುವಾಗ ಹಗಲು ರಾತ್ರಿ ಎಚ್ಚರವಾಗಿ ಕೂತವರು ಅವರು. ಬೇರೆಯವರ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಅವರ ರೆಪ್ಪೆ ಅಂಟುತ್ತಲೇ ಇರಲಿಲ್ಲ.

"ನಾನು ಓಡಿಸುವಾಗ ಒಂದು ದಿನವೂ ಕಣ್ಣು ಮುಚ್ಚಿದ್ದಿಲ್ಲ ನೀವು," ಎಂದ ಉಜ್ವಲ. ದನಿಯಲ್ಲಿ ತುಸು ಹೊಟ್ಟೆಕಿಚ್ಚಿತ್ತು. ಫೋನ್ ತೆಗೆದು, "ಬೆಳ್ತಂಗಡಿಯವರಿಗೆ ಕಾರು ಕೊಡುವುದಿಲ್ಲ ಅಂತ ಹೇಳಿಬಿಡ್ತೇನೆ," ಎಂದ.

ವಿನೋದಕ್ಕ ಕೊಡೆ ಮಡಚಿ ಬಂದು ತಮ್ಮ ಸೀಟಿನಲ್ಲಿ ಕೂತರು. ಅಪ್ಪ ಮಗನ ಮುಖ ನೋಡಿ, "ಎಂತ ಪಂಚಾಯ್ತಿ?" ಎಂದರು.

"ಅಪ್ಪ ದಾರಿಯಿಡೀ ನಿದ್ದೆ ಮಾಡಿದ್ರು ಅಮ್ಮ."

"ಗೊತ್ತುಂಟು," ಎಂದರು ವಿನೋದಕ್ಕ, ಮಳೆಹನಿ ಬಿದ್ದ ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ. "ಏಳಬಾರದು ಅಂತಲೇ ಒಂದು ಹೊಂಡಕ್ಕೂ ಬೀಳಿಸಲಿಲ್ಲ ನಾನು."